ಎಲ್ಲವೂ ಪಾಸ್ಟರ್ ಒಬ್ಬರ ಕೈಯಲ್ಲೇ ಇರುವ ಸಭೆ: ಮೊದಲು ಯಾವುದನ್ನು ಹಂಚಬೇಕು?

ಪೀಣ್ಯ ಪಾಲಕ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಅನುಭವ ಇರುವ ಸಭಾಪಾಲಕರು, ಸಭೆಯ ಹಿರಿಯರು ಇಲ್ಲಿದ್ದೀರಿ ಅಂತ ಕೇಳುತ್ತಿದ್ದೇನೆ.

ಬೆಂಗಳೂರಿನ ಪೀಣ್ಯದ ಕಡೆ ಒಂದು ಕನ್ನಡ ಸಭೆಗೆ ಹೋದ ವರ್ಷ ಪಾಲಕನಾಗಿ ಬಂದೆ. ಯಾವ ಡಯಾಸಿಸ್‌ಗೂ, ಅಂದರೆ ಯಾವ ಬಿಷಪ್‌ರ ಆಡಳಿತಕ್ಕೂ, ಸೇರದ ಸ್ವತಂತ್ರ ಸಭೆ. ಫ್ಯಾಕ್ಟರಿ ಕೆಲಸದವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಆಟೋ ಓಡಿಸುವವರು, ಈಚೆಗೆ ಒಂದಷ್ಟು ಸಾಫ್ಟ್‌ವೇರ್ ಹುಡುಗರು. ಸಭೆ ಶುರು ಮಾಡಿದ ಹಿರಿಯ ಪಾಸ್ಟರ್ ಪ್ರಾರ್ಥನೆಯ ಮನುಷ್ಯ. ಮಳೆಯಲ್ಲಿ ನೆನೆದುಕೊಂಡು ಮನೆಮನೆಗೆ ಹೋಗಿ ಕಟ್ಟಿದ ಸಭೆ ಅದು. ಅವರು ತೀರಿಕೊಂಡ ಮೇಲೆ ನೋಡಿದರೆ ಎಲ್ಲವೂ ಅವರ ತಲೆಯಲ್ಲೇ ಇತ್ತು. ಬ್ಯಾಂಕ್ ಖಾತೆಗೆ ಅವರೊಬ್ಬರದೇ ಸಹಿ. ಕಾಣಿಕೆಯ ಕ್ಯೂಆರ್ ಕೋಡ್ ಅವರ ಮನೆಯ ನಂಬರಿನದು. ಹಾಲ್‌ನ ಬಾಡಿಗೆ ಕರಾರು ಅವರ ಹೆಸರಲ್ಲಿ. ಯಾರ ಮನೆಗೆ ಅಕ್ಕಿ ಕೊಡಬೇಕು, ಯಾರು ಸಂಡೇ ಸ್ಕೂಲ್ ನಡೆಸಬೇಕು, ಎಲ್ಲಾ ಅವರೇ ಹೇಳುತ್ತಿದ್ದರು.

ಈಗ ಎಲ್ಲರೂ ನನ್ನಿಂದ ಅದನ್ನೇ ಕಾಯುತ್ತಿದ್ದಾರೆ. ಮೈಕ್ ಕೆಟ್ಟರೂ ನನಗೇ ಫೋನ್. ಪ್ರಸಂಗಕ್ಕೆ ಕೂರುವುದು ಶನಿವಾರ ರಾತ್ರಿ ಹನ್ನೊಂದರ ಮೇಲೆ. ಮೊದಲು ಯಾವ ಕೆಲಸವನ್ನು ಬೇರೆಯವರ ಕೈಗೆ ಕೊಡಲಿ? ತೀರಿಕೊಂಡ ಪಾಸ್ಟರ್‌ಗೆ ಅಗೌರವ ಆಗದ ಹಾಗೆ ಹೇಗೆ ಮಾಡಲಿ?

ನಿವೃತ್ತ ಸಭಾಪಾಲಕ

ತಮ್ಮಾ, ಮೊದಲು ದುಡ್ಡು. ಬೇರೆ ಎಲ್ಲದಕ್ಕಿಂತ ಮೊದಲು ಅದು.

ಹೆಚ್ಚಿನ ಪಾಸ್ಟರುಗಳು ಮೈಕು, ಕುರ್ಚಿ, ಅಡುಗೆ ಇಂಥದ್ದನ್ನು ಹಂಚಿ, ದುಡ್ಡನ್ನು ಕೊನೆಯವರೆಗೂ ಇಟ್ಟುಕೊಳ್ಳುತ್ತಾರೆ. ಅದು ತಲೆಕೆಳಗಾದ ಕ್ರಮ. ದುಡ್ಡು ಎಲ್ಲಿರುತ್ತದೋ ತೀರ್ಮಾನವೂ ಅಲ್ಲೇ ಇರುತ್ತದೆ. ಅದನ್ನು ಕೊಡದೆ ಮಿಕ್ಕ ಕೆಲಸ ಕೊಟ್ಟರೆ ಜನ ಪ್ರತಿಯೊಂದಕ್ಕೂ ಮತ್ತೆ ನಿನ್ನ ಬಾಗಿಲಿಗೇ ಬರುತ್ತಾರೆ.

ಪೌಲನನ್ನು ನೋಡು. ಯೆರೂಸಲೇಮಿನ ಬಡವರಿಗೆ ಸಭೆಗಳಿಂದ ಹಣ ಕೂಡಿಸಿದಾಗ ಅವನು ಅದನ್ನು ಒಬ್ಬನೇ ಹೊತ್ತುಕೊಳ್ಳಲಿಲ್ಲ. ಬೈಬಲಿನ ಎರಡನೇ ಕೊರಿಂಥ ಎಂಟನೇ ಅಧ್ಯಾಯದಲ್ಲಿ ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನೂ ಕಳಿಸುತ್ತಾನೆ. ಇಷ್ಟು ದೊಡ್ಡ ಹಣದ ವಿಚಾರದಲ್ಲಿ ಯಾರೂ ನಮ್ಮ ಕಡೆ ಬೆರಳು ತೋರಿಸಬಾರದು ಅನ್ನುವುದು ಅವನ ಕಾರಣ. ದೇವರ ಮುಂದೆ ಸರಿ ಇದ್ದರೆ ಸಾಲದು, ಮನುಷ್ಯರ ಮುಂದೆಯೂ ಸರಿ ಇರಬೇಕು ಅಂತ ಬರೆಯುತ್ತಾನೆ. ಅಪೊಸ್ತಲನಿಗೇ ಬೇಕಾಗಿದ್ದ ಎಚ್ಚರಿಕೆ ನಮಗೆ ಬೇಡವೇ?

ಕಾಣಿಕೆ ಎಣಿಸುವ ಕ್ರಮ ಹೇಳುತ್ತೇನೆ. ಆರಾಧನೆ ಮುಗಿದ ಕೂಡಲೇ, ಅದೇ ಕಟ್ಟಡದಲ್ಲಿ, ಬೇರೆ ಬೇರೆ ಕುಟುಂಬದ ಇಬ್ಬರು ಎಣಿಸಬೇಕು. ಗಂಡ ಹೆಂಡತಿ ಬೇಡ, ಅಣ್ಣ ತಮ್ಮ ಬೇಡ. ಐನೂರರ ನೋಟು ಎಷ್ಟು, ಇನ್ನೂರರದು ಎಷ್ಟು, ಚಿಲ್ಲರೆ ಎಷ್ಟು ಅಂತ ಒಂದು ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ದಶಮಾಂಶದ (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆಯ) ಕವರ್ ಇದ್ದರೆ ಅದಕ್ಕೆ ಬೇರೆ ಪುಟ. ಸೋಮವಾರ ಬ್ಯಾಂಕಿಗೆ ಕಟ್ಟಬೇಕು. ಅದರಿಂದಲೇ ಹಾಲು, ಹೂವು, ಪೆಟ್ರೋಲು ಅಂತ ತೆಗೆಯಬಾರದು. ಪೂರ್ತಿ ಕಟ್ಟಿ, ಆಮೇಲೆ ವೋಚರ್ ಮೇಲೆ ಖರ್ಚು. ಎಣಿಸುವ ಹೊತ್ತಿನಲ್ಲಿ ನೀನು ಆ ಕೋಣೆಯಲ್ಲಿ ಇರಲೇಬೇಡ. ಹೊರಗೆ ನಿಂತು ಜನರ ಕೈಕುಲುಕು. ಭಾನುವಾರ ನಿನ್ನ ಕೆಲಸ ಅದು.

ನಾನು ಸೇವೆ ಮಾಡಿದ್ದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ. ನಮ್ಮಲ್ಲಿ ವರ್ಗಾವಣೆ ಇದೆ. ಕೆಲವು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಲೇಬೇಕು. ಹಾಗಾಗಿ ದೀಕ್ಷಾಸ್ನಾನಕ್ಕೆ ಒಂದು ರಿಜಿಸ್ಟರ್, ಮದುವೆಗೆ ಒಂದು, ಸಮಾಧಿಗೆ ಒಂದು, ಸಾಮಾನಿನ ಪಟ್ಟಿ ಒಂದು. ಬಂದವರು ಬಂದ ದಿನವೇ ಕೆಲಸ ಶುರು ಮಾಡಬಹುದು. ಸ್ವತಂತ್ರ ಸಭೆಗಳಲ್ಲಿ ವರ್ಗಾವಣೆ ಇಲ್ಲ. ಆದರೆ ಸಾವಂತೂ ಇದೆ. ಆ ಹಿರಿಯರು ಇನ್ನೂ ಇದ್ದಾಗಲೇ ಯಾರಾದರೂ ಪ್ರೀತಿಯಿಂದ ಕೂತು ಇದನ್ನು ಬರೆಸಿಕೊಳ್ಳಬೇಕಿತ್ತು.

ಲೆಕ್ಕದ ಅಕ್ಕ

ಅಯ್ಯನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ನಾನು ರಾಜಾಜಿನಗರದಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ, ನಮ್ಮ ಸಭೆಯ ಲೆಕ್ಕವನ್ನೂ ನೋಡುತ್ತೇನೆ.

ಪಾಸ್ಟರ್, ನಿಮ್ಮ ಸಭೆ ಟ್ರಸ್ಟ್ ಆಗಿ ನೋಂದಣಿ ಆಗಿದೆಯಾ, ಅಥವಾ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸೊಸೈಟಿ ಆಗಿದೆಯಾ, ಮೊದಲು ಆ ಕಾಗದ ಹುಡುಕಿ. ಸೊಸೈಟಿ ಆಗಿದ್ದರೆ ಪ್ರತಿ ವರ್ಷ ರಿಜಿಸ್ಟ್ರಾರ್‌ಗೆ ಪದಾಧಿಕಾರಿಗಳ ಪಟ್ಟಿ, ಲೆಕ್ಕ ಎಲ್ಲ ಕೊಡಬೇಕು. ಒಬ್ಬರೇ ಎಲ್ಲ ನಡೆಸುವ ಕಡೆ ಸಾಮಾನ್ಯವಾಗಿ ಇದು ನಿಂತುಹೋಗಿರುತ್ತದೆ.

ಖಾತೆ ಸಂಸ್ಥೆಯ ಹೆಸರಲ್ಲೇ ಇರಲಿ. ಮೂವರ ಸಹಿ ಇಟ್ಟು, ಯಾರಾದರೂ ಇಬ್ಬರು ಸೇರಿದರೆ ಮಾತ್ರ ಹಣ ತೆಗೆಯುವ ಹಾಗೆ ಮಾಡಿ. ಕ್ಯೂಆರ್ ಕೋಡ್ ಆ ಖಾತೆಗೇ ಸೇರಿರಲಿ. ಈಗ ತರಕಾರಿ ಗಾಡಿಯವರೂ ಸ್ಕ್ಯಾನ್ ಇಟ್ಟಿದ್ದಾರೆ, ಸಭೆಯ ಕಾಣಿಕೆಯಲ್ಲೂ ಚೀಲಕ್ಕಿಂತ ಫೋನಿನಲ್ಲಿ ಬರುವುದೇ ಜಾಸ್ತಿ ಆಗುತ್ತಿದೆ. ಚೀಲವನ್ನು ಇಬ್ಬರು ಎಣಿಸಿ, ಫೋನಿನ ದುಡ್ಡನ್ನು ಒಬ್ಬರೇ ನೋಡುತ್ತಿದ್ದರೆ ಏನು ಪ್ರಯೋಜನ?

ಹೊರದೇಶದ ದುಡ್ಡಿನ ಬಗ್ಗೆ ತುಂಬಾ ಹುಷಾರು. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಸಭೆಗೆ ಅಂತ ವಿದೇಶಿ ಹಣ ತೆಗೆದುಕೊಳ್ಳುವ ಹಾಗಿಲ್ಲ. ಅನುಮತಿ ಇದ್ದರೂ 2020ರ ತಿದ್ದುಪಡಿ ಆದ ಮೇಲೆ ಅದು ಮೊದಲು ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಜನ ಎಡವುವುದು ಇಲ್ಲಿ: ದುಬೈನಲ್ಲಿ ಕೆಲಸ ಮಾಡುವ ನಮ್ಮ ಹುಡುಗ, ಭಾರತದ ಪಾಸ್‌ಪೋರ್ಟ್ ಇರುವವನು, ತನ್ನ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅದೇ ಅಮೆರಿಕದ ಪೌರತ್ವ ತೆಗೆದುಕೊಂಡ ನಮ್ಮ ಅಕ್ಕನೇ ಕಳಿಸಿದರೂ ಅದು ವಿದೇಶಿ ದೇಣಿಗೆ. ಪ್ರೀತಿಯಿಂದ ಕೊಟ್ಟರು ಅಂತ ನಿಮ್ಮ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ.

ಇನ್ನೊಂದು. ನಿಮ್ಮ ಸಂಬಳ ಎಷ್ಟು ಅಂತ ಹಿರಿಯರು ಕೂತು ತೀರ್ಮಾನ ಮಾಡಲಿ, ತಿಂಗಳ ಒಂದು ದಿನ ಬ್ಯಾಂಕಿನಿಂದಲೇ ಬರಲಿ. ಪಾಸ್ಟರ್ ಸಂಬಳ ಕೇಳಬಾರದು ಅನ್ನುವ ಸಭೆಯಲ್ಲಿ ಪಾಸ್ಟರ್ ಮನೆ ನಡೆಯುವುದು ಯಾರೋ ಒಬ್ಬ ಅನುಕೂಲಸ್ಥರ ಕವರಿನಿಂದ. ಆಮೇಲೆ ಅವರ ಮಗನ ತಪ್ಪನ್ನು ಹೇಳಲು ಪಾಸ್ಟರ್‌ಗೆ ಬಾಯಿ ಬರುವುದಿಲ್ಲ.

ಹೆಣ್ಣೂರು ಹುಡುಗ

ಎಲ್ಲರ ಮೇಲೂ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದೆಲ್ಲ ಕಂಪನಿ ನಡೆಸುವ ಹಾಗೆ ಕಾಣುತ್ತಿದೆ. ಕಮಿಟಿ ಇರುವ ಸಭೆಗಳನ್ನು ಈ ಊರಿನಲ್ಲೇ ನೋಡಿದ್ದೇನೆ. ಎಲೆಕ್ಷನ್ ಬಂದರೆ ಎರಡು ಪಾರ್ಟಿ. ಒಬ್ಬರ ಮುಖ ಒಬ್ಬರು ನೋಡದೆ ಕರ್ತನ ಭೋಜನಕ್ಕೆ ಬರುತ್ತಾರೆ. ಕೋರ್ಟ್ ಮೆಟ್ಟಿಲು ಹತ್ತಿದವರೂ ಇದ್ದಾರೆ. ನಮ್ಮ ಪಾಸ್ಟರ್ ಒಬ್ಬರೇ ತೀರ್ಮಾನ ಮಾಡುತ್ತಾರೆ, ನಾವು ಪ್ರಾರ್ಥಿಸಿ ಒಪ್ಪುತ್ತೇವೆ, ಸಭೆ ಬೆಳೆಯುತ್ತಿದೆ. ದೇವರು ಕರೆದಿದ್ದು ಮೋಶೆಯನ್ನು, ಕಮಿಟಿಯನ್ನಲ್ಲ, ಅಲ್ವಾ?

ನಿವೃತ್ತ ಸಭಾಪಾಲಕ

ಮಗಾ, ಕಮಿಟಿ ಜಗಳದ ವಿಷಯದಲ್ಲಿ ನೀನು ಹೇಳಿದ್ದು ನಿಜ. ಅದು ನಮ್ಮ ಕಡೆಯ ದೊಡ್ಡ ನೋವು. ಅಧಿಕಾರ ಹಂಚಿದ ಕೂಡಲೇ ಜನ ಪರಿಶುದ್ಧರಾಗುವುದಿಲ್ಲ.

ಆದರೆ ಮೋಶೆಯ ಹೆಸರು ಎತ್ತಿದೆಯಲ್ಲ, ವಿಮೋಚನಕಾಂಡ ಹದಿನೆಂಟು ಓದು. ಬೆಳಗಿನಿಂದ ಸಂಜೆವರೆಗೂ ಒಬ್ಬನೇ ಕೂತು ನ್ಯಾಯ ತೀರಿಸುತ್ತಿದ್ದ ಮೋಶೆಯನ್ನು ನೋಡಿ, ನೀನು ಮಾಡುತ್ತಿರುವುದು ಸರಿಯಲ್ಲ ಅಂತ ಹೇಳಿದ್ದು ಅವನ ಮಾವ ಇತ್ರೋ. ನೀನೂ ಸೋತುಹೋಗುತ್ತೀ, ನಿನ್ನ ಜೊತೆಗಿರುವ ಜನರೂ ಸೋತುಹೋಗುತ್ತಾರೆ ಅಂದ. ನಾವು ಮೊದಲ ಅರ್ಧವನ್ನೇ ಬೋಧಿಸುತ್ತೇವೆ. ಪಾಸ್ಟರ್ ಸುಸ್ತಾಗುತ್ತಾರೆ, ಪಾಪ ಅನ್ನುತ್ತೇವೆ. ಬಾಗಿಲಲ್ಲಿ ದಿನವಿಡೀ ನಿಂತು ಕಾಯುವ ಜನರ ಸುಸ್ತನ್ನು ಯಾರು ಲೆಕ್ಕ ಹಾಕುತ್ತಾರೆ?

ಇತ್ರೋ ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಮುಖ್ಯಸ್ಥರನ್ನು ಇಡು ಅಂತಾನೆ. ಹತ್ತಕ್ಕೂ ಒಬ್ಬ! ಪೀಣ್ಯದ ತಮ್ಮನಿಗೆ ಬೇಕಾಗಿರುವುದು ಅದೇ. ಪಾಸ್ಟರ್ ಮತ್ತು ಒಂದು ಕಮಿಟಿ ಅಂತ ಎರಡೇ ಮಟ್ಟ ಇದ್ದರೆ ಅದು ಪಾರ್ಟಿ ಆಗುತ್ತದೆ. ಹತ್ತತ್ತು ಮನೆಗೆ ಒಬ್ಬರು ಜವಾಬ್ದಾರಿ ತೆಗೆದುಕೊಂಡಾಗ ಅವರಿಗೆ ಕುರ್ಚಿ ಇರುವುದಿಲ್ಲ, ಕೆಲಸ ಮಾತ್ರ ಇರುತ್ತದೆ. ಯಾರ ಮನೆಯಲ್ಲಿ ಜ್ವರ, ಯಾರ ಮಗ ಶಾಲೆ ಬಿಟ್ಟ, ಯಾರು ಮೂರು ವಾರದಿಂದ ಬಂದಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ. ಅಂಥವರಲ್ಲಿ ಕೆಲಸ ನೋಡಿ ಹಿರಿಯರನ್ನು ಆರಿಸು. ಕುರ್ಚಿ ಕೊಟ್ಟು ಆಮೇಲೆ ಕೆಲಸ ಕಾಯಬೇಡ.

ಕ್ವಾಯರ್ ಕೀಬೋರ್ಡ್

ಅಪೊಸ್ತಲರ ಕೃತ್ಯಗಳು ಆರನ್ನೂ ಈ ಮಾತಿಗೆ ಸೇರಿಸಬೇಕು. ನಮ್ಮ ಲಿಂಗರಾಜಪುರದ ಸಭೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಇದೆ. ಹಾಡು ಯಾವ ಭಾಷೆಯಲ್ಲಿ ಎಷ್ಟು ಅನ್ನುವುದಕ್ಕೇ ಮುಖ ಊದಿಸಿಕೊಳ್ಳುತ್ತಾರೆ.

ಯೆರೂಸಲೇಮಿನ ಸಭೆಯಲ್ಲೂ ಭಾಷೆಯ ಜಗಳವೇ ಎದ್ದಿದ್ದು. ದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಅಂತ ಗ್ರೀಕ್ ಮಾತಾಡುವವರು ಗೊಣಗಿದರು. ಅಪೊಸ್ತಲರು, ಗೊಣಗಬೇಡಿ ಅಂತ ಪ್ರಸಂಗ ಮಾಡಲಿಲ್ಲ. ಏಳು ಜನರನ್ನು ನೀವೇ ಆರಿಸಿ ಅಂದರು. ಆರಿಸಿದ ಹೆಸರುಗಳನ್ನು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು! ದೂರು ಹೇಳಿದ ಕಡೆಯವರ ಕೈಗೇ ಎಲ್ಲರ ಊಟದ ಜವಾಬ್ದಾರಿ ಕೊಟ್ಟರು. ದೂರುವವರನ್ನು ದೂರ ಇಡುವುದು ನಮ್ಮ ಅಭ್ಯಾಸ. ಅವರು ಹತ್ತಿರ ಕರೆದರು.

ನಮ್ಮ ಪಾಸ್ಟರ್ ಕ್ರಿಸ್‌ಮಸ್ ಕಾರ್ಯಕ್ರಮದ ಪಟ್ಟಿ ಮಾಡುವ ಕೆಲಸವನ್ನು ಜಾಸ್ತಿ ಬೇಜಾರಾಗಿದ್ದ ತೆಲುಗು ಕುಟುಂಬಕ್ಕೇ ಕೊಟ್ಟರು. ಕನ್ನಡ ಹಾಡನ್ನು ಅವರೇ ಕೇಳಿ ಕೇಳಿ ಸೇರಿಸಿದರು.

ಪಾಸ್ಟರಮ್ಮ, ಕೆಂಗೇರಿ

ಇಷ್ಟು ಮಾತಿನಲ್ಲಿ ಪಾಲಕರ ಮನೆಯ ಬಗ್ಗೆ ಒಬ್ಬರೂ ಬರೆಯಲಿಲ್ಲವಲ್ಲ!

ಬ್ರದರ್, ನಿಮ್ಮ ಹೆಂಡತಿಗೆ ಸಭೆಯಲ್ಲಿ ಯಾವ ಕೆಲಸ ಅಂತ ಯಾರಾದರೂ ಕೇಳಿದ್ದಾರಾ? ಸಾಮಾನ್ಯವಾಗಿ ಕೇಳುವುದಿಲ್ಲ. ಮಹಿಳಾ ಕೂಟ, ಸಂಡೇ ಸ್ಕೂಲ್, ಬಂದವರಿಗೆ ಟೀ, ಊರಿಂದ ಬಂದ ಸೇವಕರಿಗೆ ಊಟ, ಎಲ್ಲವೂ ಅವಳದ್ದೇ ಅಂತ ತಿಳಿದುಕೊಂಡಿರುತ್ತಾರೆ. ಒಬ್ಬರ ಸಂಬಳಕ್ಕೆ ಇಬ್ಬರ ಕೆಲಸ. ಅವಳಿಗೆ ಯಾವುದು ಇಷ್ಟ, ಯಾವುದು ಆಗುವುದಿಲ್ಲ ಅಂತ ನೀವು ಮೊದಲು ಕೇಳಿ, ಆಮೇಲೆ ಹಿರಿಯರ ಮುಂದೆ ನೀವೇ ಹೇಳಿ. ಅವಳ ಬಾಯಲ್ಲಿ ಹೇಳಿಸಬೇಡಿ.

ಫೋನಿನ ವಿಷಯ. ನಮ್ಮಲ್ಲಿ ಹೀಗೆ ಮಾಡಿಕೊಂಡೆವು. ಸಾವು, ಆಸ್ಪತ್ರೆ, ಪೊಲೀಸ್ ಸ್ಟೇಷನ್, ಮನೆಯಲ್ಲಿ ಹೊಡೆತ, ಈ ನಾಲ್ಕಕ್ಕೆ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಿ, ಎತ್ತುತ್ತೇವೆ. ಮಿಕ್ಕಿದ್ದು ಏನಿದ್ದರೂ ರಾತ್ರಿ ಒಂಬತ್ತರ ಮೇಲೆ ಬೇಡ. ಸೋಮವಾರ ಪಾಸ್ಟರ್ ರಜೆ, ಆವತ್ತು ನಮ್ಮ ಇಬ್ಬರು ಹಿರಿಯರ ನಂಬರ್‌ಗೆ ಮಾಡಿ. ಇದನ್ನು ಹಿರಿಯರೇ ಸಭೆಯಲ್ಲಿ ಓದಿದರು. ಮೊದಮೊದಲು ಬೇಜಾರು ಮಾಡಿಕೊಂಡರು. ಈಗ ಮೈಕ್ ಕೆಟ್ಟರೆ ಯಾರೂ ನಮಗೆ ಹೇಳುವುದೇ ಇಲ್ಲ, ಸರಿಮಾಡಿಸಿಯೇ ಬಿಡುತ್ತಾರೆ.

ಹೆಣ್ಣುಮಕ್ಕಳನ್ನೂ ಹಿರಿಯರ ಜೊತೆ ಕೂರಿಸಿ. ಸಿಎಸ್‌ಐನಲ್ಲಿ 2013ರಲ್ಲೇ ನಂದ್ಯಾಲಕ್ಕೆ ಇ. ಪುಷ್ಪಲಲಿತಾ ಅವರು ಬಿಷಪ್ ಆದರು. ನಮ್ಮ ಸಭೆಗಳಲ್ಲಿ ಇನ್ನೂ ಬಜ್ಜಿ ಬೋಂಡಾದ ಲೆಕ್ಕಕ್ಕೆ ಮಾತ್ರ ಹೆಂಗಸರು ಬೇಕು. ಗಾರ್ಮೆಂಟ್ಸ್ ಹುಡುಗಿಯರ ಕಷ್ಟ ಗಂಡಸರ ಕಮಿಟಿಗೆ ಯಾವತ್ತಿಗೂ ಬರುವುದಿಲ್ಲ.

ಸಂಡೇ ಸ್ಕೂಲ್ ಟೀಚರ್

ಮಕ್ಕಳ ವಿಷಯವನ್ನು ದಯವಿಟ್ಟು ಆಮೇಲೆ ನೋಡೋಣ ಅನ್ನಬೇಡಿ.

ಮಗುವಿನ ಜೊತೆ ಯಾವ ದೊಡ್ಡವರೂ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಪಾಸ್ಟರ್ ಆದರೂ ಅಷ್ಟೇ. ತರಗತಿಗೆ ಇಬ್ಬರು ಟೀಚರ್. ರಿಟ್ರೀಟ್‌ಗೆ ಹೋದರೆ ಅಪ್ಪ ಅಮ್ಮನ ಒಪ್ಪಿಗೆ ಬರವಣಿಗೆಯಲ್ಲಿ. ಏನಾದರೂ ಆಗಿದೆ ಅಂತ ಗೊತ್ತಾದರೆ, ಆಗಬಹುದು ಅಂತ ಅನುಮಾನ ಬಂದರೂ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಒಂದು ಅಪರಾಧ, ಸಂಸ್ಥೆಯ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೂ ಶಿಕ್ಷೆ ಆಗಬಹುದು. ಮಕ್ಕಳ ಸಹಾಯವಾಣಿ 1098.

ಸಭೆಯ ಹೆಸರು ಕೆಡುತ್ತದೆ, ಹುಡುಗಿಯ ಮದುವೆ ಕೆಡುತ್ತದೆ, ಒಳಗೇ ಪ್ರಾರ್ಥಿಸಿ ಮುಗಿಸೋಣ ಅಂತ ಹಿರಿಯರು ಹೇಳಿಯೇ ಹೇಳುತ್ತಾರೆ. ಮತ್ತಾಯ ಹದಿನೆಂಟನ್ನು ತೆಗೆದು, ಮೊದಲು ಒಬ್ಬರೇ ಹೋಗಿ ಮಾತಾಡಿ ಅನ್ನುತ್ತಾರೆ. ಅದೇ ಅಧ್ಯಾಯದ ಆರನೇ ವಚನದಲ್ಲಿ ಚಿಕ್ಕವರಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವ ಮಾತಿದೆ. ಮೊದಲು ಅದನ್ನು ಓದಲಿ.

ನರ್ಸ್ ಅಕ್ಕ

ಚಿಕ್ಕದಾಗಿ ಒಂದು ಮಾತು, ಪಾಸ್ಟರ್. ಪ್ರಾರ್ಥನೆಗೆ ಅಂತ ಬರುವವರಲ್ಲಿ ಫಿಟ್ಸ್ ಇರುವವರು, ನಿದ್ದೆ ಬಿಟ್ಟವರು, ಯಾರೋ ಮಾತಾಡಿದ ಹಾಗೆ ಕೇಳುತ್ತದೆ ಅನ್ನುವವರು ಇರುತ್ತಾರೆ. ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ನಾನೂ ಪ್ರಾರ್ಥಿಸುತ್ತೇನೆ. ಮಾತ್ರೆ ನಿಲ್ಲಿಸಿ ಅಂತ ಮಾತ್ರ ಹೇಳಬೇಡಿ. ವೇದಿಕೆ ಮೇಲೆ ಸಾಕ್ಷಿ ಹೇಳಿದ ಖುಷಿಯಲ್ಲಿ ಮಾತ್ರೆ ಬಿಟ್ಟು, ವಾರದಲ್ಲಿ ಆಸ್ಪತ್ರೆ ಸೇರಿದವರನ್ನು ವಾರ್ಡಿನಲ್ಲಿ ನೋಡುತ್ತೇವೆ. ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಇದು ನನ್ನ ಕೈ ಮೀರಿದ್ದು, ನಾನೇ ಜೊತೆಗೆ ಬರುತ್ತೇನೆ ನಡೀರಿ ಅನ್ನುವ ಪಾಸ್ಟರ್ ಮೇಲೆ ಜನರಿಗೆ ನಂಬಿಕೆ ಹೆಚ್ಚುತ್ತದೆ.

ಮತ್ತೆ ರಾತ್ರಿ ಪ್ರಾರ್ಥನೆಗೆ ಸ್ಪೀಕರ್ ಹೊರಗಿಡಬೇಡಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಪಕ್ಕದ ಮನೆಯಲ್ಲೂ ಬೆಳಗಿನ ಶಿಫ್ಟ್‌ಗೆ ಹೋಗುವವರು ಇರುತ್ತಾರೆ.

ಪೀಣ್ಯ ಪಾಲಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೊಂದನ್ನೂ ಬರೆದಿಟ್ಟುಕೊಂಡಿದ್ದೇನೆ. ಕಾಣಿಕೆ ಇಬ್ಬರು ಎಣಿಸುವುದನ್ನು ಹಿರಿಯರ ಮುಂದೆ ಇಟ್ಟೆ. ಇಷ್ಟು ವರ್ಷ ಎಣಿಸಿದ ಅಂಕಲ್ ಒಬ್ಬರು ಕಣ್ಣಲ್ಲಿ ನೀರು ತಂದುಕೊಂಡು, ನನ್ನ ಮೇಲೆ ನಂಬಿಕೆ ಇಲ್ವಾ ಅಂದರು.

ಇನ್ನೂ ಕಷ್ಟದ್ದು ಬೇರೆ ಇದೆ. ಆ ಕ್ಯೂಆರ್ ಕೋಡಿನ ದುಡ್ಡು ಈಗಲೂ ತೀರಿಕೊಂಡ ಪಾಸ್ಟರ್ ಹೆಂಡತಿಯ ಖಾತೆಗೇ ಹೋಗುತ್ತಿದೆ. ಅಮ್ಮನಿಗೆ ಬೇರೆ ಆದಾಯ ಇಲ್ಲ. ಅದರಲ್ಲಿ ಮನೆ ಖರ್ಚಿಗೆ ಇಟ್ಟುಕೊಂಡು ಮಿಕ್ಕಿದ್ದು ಸಭೆಗೆ ಕೊಡುತ್ತಾರೆ. ಒಳ್ಳೆಯ ಮನಸ್ಸಿನವರು. ಅದನ್ನು ಬದಲಾಯಿಸಿದರೆ ಹೊಸಬ ಬಂದು ವಿಧವೆಯ ತುತ್ತು ಕಿತ್ತ ಅನ್ನುತ್ತಾರೆ. ಏನು ಮಾಡಲಿ?

ನಿವೃತ್ತ ಸಭಾಪಾಲಕ

ಇದಕ್ಕೇ ಕಾಯುತ್ತಿದ್ದೆ. ನಿನ್ನ ಸಭೆಯ ನಿಜವಾದ ಪರೀಕ್ಷೆ ಇದು.

ಮೊದಲು ಅಂಕಲ್ ವಿಷಯ. ಅವರನ್ನು ತೆಗೆಯಬೇಡ. ಹೊಸಬರಿಗೆ ಎಣಿಸುವ ಕ್ರಮ ಕಲಿಸುವ ಕೆಲಸ ಅವರಿಗೇ ಕೊಡು. ಅವರ ಮನೆಗೆ ಹೋಗಿ ಕೂತು ಹೇಳು: ನಾಳೆ ಯಾರಾದರೂ ನಿಮ್ಮ ಮೇಲೆ ಮಾತು ತಂದರೆ, ಪಕ್ಕದಲ್ಲಿ ಸಹಿ ಹಾಕಿದ ಇನ್ನೊಬ್ಬರು ನಿಮಗೆ ಸಾಕ್ಷಿ. ಇದು ನಿಮ್ಮನ್ನು ಕಾಪಾಡಲಿಕ್ಕೆ ಅಂತ. ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ, ನಿಜವೇ ಅದು.

ಅಮ್ಮನ ವಿಷಯದಲ್ಲಿ ಕೆಲಸದ ಕ್ರಮ ತಪ್ಪಬಾರದು. ಮೊದಲು ಹಿರಿಯರು ಕೂತು ಅಮ್ಮನಿಗೆ ತಿಂಗಳಿಗೆ ಇಷ್ಟು ಅಂತ ತೀರ್ಮಾನಿಸಿ ಬರೆದಿಡಿ. ಈಗ ಅವರು ಇಟ್ಟುಕೊಳ್ಳುತ್ತಿರುವುದಕ್ಕಿಂತ ಒಂದು ರೂಪಾಯಿಯೂ ಕಡಿಮೆ ಆಗದಿರಲಿ. ಆಸ್ಪತ್ರೆ ಖರ್ಚಿಗೆ ಬೇರೆ. ಮೊದಲ ತಿಂಗಳ ಹಣ ಅವರ ಖಾತೆಗೆ ಹೋಗಲಿ. ಕ್ಯೂಆರ್ ಕೋಡ್ ಬದಲಾಯಿಸುವುದು ಆಮೇಲೆ. ಹಿಂದುಮುಂದಾದರೆ ಒಂದೇ ಒಂದು ತಿಂಗಳ ಬಾಕಿ ಸಾಕು, ಇಡೀ ಪೀಣ್ಯ ಮಾತಾಡುತ್ತದೆ. ಹಳೆಯ ಲೆಕ್ಕ ಕೇಳಬೇಡ. ಇವತ್ತಿನಿಂದ ಲೆಕ್ಕ ಶುರು ಮಾಡು.

ಅವರಿಗೆ ಅದು ಗಂಡನ ದುಡಿಮೆಯ ಗೌರವವಾಗಿ ಸಿಗಬೇಕು, ದಾನದ ಹಾಗೆ ಅಲ್ಲ. ನಿನಗಿಂತ ಮುಂಚೆ ಅವರಿಗೆ ಸಂಬಳದ ದಿನ ಬರಲಿ.

ಲೆಕ್ಕದ ಅಕ್ಕ

ಆ ಹಣಕ್ಕೆ ಹಿರಿಯರ ಸಭೆಯ ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಿರಿ, ಎಲ್ಲರ ಸಹಿ ಇರಲಿ. ವಿಶೇಷ ಕಾಣಿಕೆಯಿಂದ ಕೊಡುತ್ತೇವೆ ಅನ್ನಬೇಡಿ, ಅದು ಒಂದು ತಿಂಗಳು ಬರುತ್ತದೆ, ಒಂದು ತಿಂಗಳು ಬರುವುದಿಲ್ಲ. ಸಭೆಯ ಖಾಯಂ ಖರ್ಚಿನಲ್ಲಿ ಬಾಡಿಗೆ, ಕರೆಂಟ್ ಬಿಲ್ ಜೊತೆಯಲ್ಲೇ ಸೇರಿಸಿ.

ಹಾಗೇ ಮದುವೆಯ ಲೈಸೆನ್ಸ್ ನೋಡಿಕೊಂಡಿದ್ದೀರಾ ಪಾಸ್ಟರ್? 1872ರ ಕ್ರೈಸ್ತ ವಿವಾಹ ಕಾಯ್ದೆಯಲ್ಲಿ ಸ್ವತಂತ್ರ ಸಭೆಯ ಪಾಲಕರಿಗೆ ಸರ್ಕಾರದ ಲೈಸೆನ್ಸ್ ಬೇಕು. ಅದು ವ್ಯಕ್ತಿಗೆ ಕೊಡುವುದು, ಸಭೆಗೆ ಅಲ್ಲ. ಹಿರಿಯ ಪಾಸ್ಟರ್ ಹೆಸರಿನದು ನಿಮಗೆ ನಡೆಯುವುದಿಲ್ಲ. ನಿಮಗೆ ಸಿಗುವ ತನಕ ಲೈಸೆನ್ಸ್ ಇರುವ ಬೇರೆ ಪಾಲಕರನ್ನು ಕರೆಸಿ ಮದುವೆ ನಡೆಸಿ.

ಹೆಣ್ಣೂರು ಹುಡುಗ

ನಮ್ಮ ಸಭೆಯ ಕ್ಯೂಆರ್ ಕೋಡ್ ಯಾರ ಹೆಸರಲ್ಲಿದೆ ಅಂತ ಇವತ್ತು ನೋಡಿದೆ. ಪಾಸ್ಟರ್ ಹೆಸರಲ್ಲೇ ಇದೆ. ಅವರನ್ನು ನಾನು ನಂಬುತ್ತೇನೆ, ಅದು ಬದಲಾಗಿಲ್ಲ. ಆದರೆ ಅವರಿಗೆ ಏನಾದರೂ ಆದರೆ ಅವರ ಹೆಂಡತಿ ಮಕ್ಕಳು ಎದುರಿಸಬೇಕಾದ್ದನ್ನು ಇಲ್ಲಿ ಓದಿ ಮನಸ್ಸಿಗೆ ಕಷ್ಟವಾಯಿತು. ಭಾನುವಾರ ಅವರ ಹತ್ತಿರ ಮಾತಾಡುತ್ತೇನೆ. ಹೇಗೆ ಶುರು ಮಾಡಬೇಕು ಅಯ್ಯನವರೇ?

ನಿವೃತ್ತ ಸಭಾಪಾಲಕ

ಭಾನುವಾರ ಬೇಡ ಮಗಾ. ಆವತ್ತು ಪಾಸ್ಟರ್ ದಣಿದಿರುತ್ತಾರೆ, ಸುತ್ತ ಜನ ಇರುತ್ತಾರೆ. ವಾರದ ಮಧ್ಯೆ ಅವರ ಮನೆಗೆ ಹೋಗು, ಒಬ್ಬನೇ ಹೋಗು. ಕೆಂಗೇರಿಯ ತಂಗಿ ಹೇಳಿದ ಹಾಗೆ ರಜೆಯ ದಿನ ತಪ್ಪಿಸು. ಪಾಸ್ಟರಮ್ಮ ಇರುವಾಗ ಮಾತಾಡು, ಇದರಲ್ಲಿ ಅವರ ನಾಳೆಯೂ ಇದೆ. ನಿನ್ನ ಅನುಮಾನ ಹೇಳಲು ಬಂದ ಹಾಗೆ ಆಗಬಾರದು, ಕೆಲಸ ಹೊರಲು ಬಂದಿದ್ದೀಯ ಅಂತ ಗೊತ್ತಾಗಬೇಕು. ಬ್ಯಾಂಕಿಗೆ ಓಡಾಡುವುದು, ಅರ್ಜಿ ತುಂಬುವುದು ನಾನು ಮಾಡುತ್ತೇನೆ ಅಂತ ಮೊದಲೇ ಹೇಳು.

ಪೀಣ್ಯ ಪಾಲಕ

ಅಮ್ಮನ ಹಣದ ಠರಾವು ಆಯಿತು. ಅಂಕಲ್ ಒಪ್ಪಿದರು, ಜೊತೆಗೆ ಎಣಿಸಲು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿರುವ ತಂಗಿಯ ಹೆಸರನ್ನು ಅವರೇ ಹೇಳಿದರು. ಮೊದಲ ತಿಂಗಳ ಹಣ ಅಮ್ಮನ ಖಾತೆಗೆ ಹೋದ ಮೇಲೆ ಈ ಪ್ರಕಟಣೆಯನ್ನು ನಾನಲ್ಲ, ಅಂಕಲ್ ಓದುತ್ತಾರೆ. ತಪ್ಪಿದ್ದರೆ ತಿದ್ದಿ:

"ಪ್ರಿಯರೇ, ನಮ್ಮ ಹಿರಿಯ ಪಾಸ್ಟರ್ ಕಟ್ಟಿದ ಈ ಸಭೆಯ ಪರವಾಗಿ ಅಮ್ಮನವರಿಗೆ ಪ್ರತಿ ತಿಂಗಳು ಗೌರವಧನ ಕೊಡಲು ಹಿರಿಯರು ತೀರ್ಮಾನಿಸಿ ಈ ತಿಂಗಳಿಂದ ಕೊಡುತ್ತಿದ್ದೇವೆ. ಇವತ್ತಿನಿಂದ ಕಾಣಿಕೆಯ ಕ್ಯೂಆರ್ ಕೋಡ್ ಸಭೆಯ ಖಾತೆಯದ್ದು, ಬಾಗಿಲ ಹತ್ತಿರ ಅಂಟಿಸಿದೆ. ಹಳೆಯದನ್ನು ಫೋನಿನಿಂದ ತೆಗೆದುಬಿಡಿ. ಪ್ರತಿ ತಿಂಗಳ ಮೊದಲ ಭಾನುವಾರ ಹೋದ ತಿಂಗಳ ಲೆಕ್ಕ ಅದರ ಪಕ್ಕದಲ್ಲೇ ಇರುತ್ತದೆ. ಸಂದೇಹ ಇದ್ದವರು ನನ್ನನ್ನು ಕೇಳಿ."

ಲೆಕ್ಕದ ಅಕ್ಕ

ಸರಿಯಾಗಿದೆ ಪಾಸ್ಟರ್. "ನನ್ನನ್ನು ಕೇಳಿ" ಅನ್ನುವ ಕಡೆ ಆ ತಂಗಿಯ ಹೆಸರನ್ನೂ ಸೇರಿಸಿ, ಹೆಣ್ಣುಮಕ್ಕಳು ಅಂಕಲ್ ಹತ್ತಿರ ಬಂದು ಕೇಳುವುದಿಲ್ಲ.